ಪೂಜೆಗಿಟ್ಟ ರಿವಾಲ್ವರ್

"ಹಿರೇಮಗ ಹೋದ. ಕಿರೇಮಗನ್ನಾದ್ರೂ ಉಳಿಸಿಕೊಡ್ರಿ ಸಾಹೇಬ್ರೇ," ಎಂದು ಮರುಳಸಿದ್ದಮ್ಮ ಹಿದಾಯತ್ ಸಾಹೇಬರ ಮುಂದೆ ಸೆರಗೊಡ್ಡಿದರು.

ಪೊಲೀಸರ ಬಂದೂಕುಗಳನ್ನು ಮೂವತ್ತು ವರ್ಷ ರಿಪೇರಿ ಮಾಡಿ ನಿವೃತ್ತರಾದ ಸಾಹೇಬರು ದಾವಣಗೆರೆಯಲ್ಲಿ ಎಂಥ ಕಗ್ಗಂಟನ್ನಾದರೂ ಬಿಡಿಸುವವರು. ಸದಾ ಅವರ ಬೆನ್ನಿಗಿರುತ್ತಿದ್ದವನು ಕೊಟ್ರೇಶ್. ಸತ್ತ ಹಿರೇಮಗ ನಾಗರಾಜಪ್ಪ ಅವನ ಜೊತೆ ಸ್ಲೇಟು ಹಿಡಿದು ಓದಿದವನು. ಅಯ್ಯೋ, ಆಯುಧಪೂಜೆಗೆ ಕರೆದು ಹೊಟ್ಟೆ ಬಿರಿಯುವಷ್ಟು ಮಂಡಕ್ಕಿ ತಿನ್ನಿಸಿದ್ದನಲ್ಲ! ಆ ಪೂಜೆಯ ದಿನ ಮರುಳಸಿದ್ದಮ್ಮ ಸೇರು, ಪಾವು, ಕೊಡ ಯಾವುದನ್ನೂ ಬರಿದಿಡದೆ ಚಿಟಿಕೆ ಅಕ್ಕಿ ಹಾಕಿ, ನೀರಲ್ಲಿ ಕಲಸಿದ ವಿಭೂತಿ ಬಳಿಯುತ್ತಿದ್ದರು.

ಮಾರನೇ ದಿನ, 1998ರ ವಿಜಯದಶಮಿಯ ಬೆಳಿಗ್ಗೆ, ಹರಿಹರದಿಂದ ಬಂದ ತಮ್ಮ ನಾಗಭೂಷಣ್ ಪೂಜೆಗೆಂದು ದೇವರ ಜಗುಲಿಯ ಮೇಲಿಟ್ಟಿದ್ದ ಅಣ್ಣನ ಗಿಡ್ಡ ನಳಿಗೆಯ ರಿವಾಲ್ವರನ್ನು ಅವನ ಕೈಗೆ ತಂದುಕೊಟ್ಟ. ಅಣ್ಣ ಎಣ್ಣೆ ಹಚ್ಚಿ ಟ್ರಿಗರ್ ಎಳೆದು ನೋಡುವಾಗ ಗುಂಡು ಎದೆಗೇ ಹೊಕ್ಕಿತು. ಅಂಗಡಿಯ ಪಾಲಿನ ವಿಷಯಕ್ಕೆ ಅಣ್ಣತಮ್ಮಂದಿರು ಮುನಿಸಿಕೊಂಡಿದ್ದರು. ಗುಂಡು ತುಂಬಿದವನು ಮೈದುನನೇ ಎಂದು ನಾಗರಾಜಪ್ಪನ ಹೆಂಡತಿ ಆಶಾರಾಣಿ ದೂರು ಕೊಟ್ಟಳು. ಪೊಲೀಸರು ನಾಗಭೂಷಣನನ್ನು ಹಿಡಿದೊಯ್ದರು.

"ಪೂಜೆಗೆ ಮುಂಚೆ ನಾಗರಾಜಪ್ಪ ಐದೂ ಗುಂಡು ತೆಗೆದು ಡಬ್ಬಿಗೆ ಹಾಕಿದ್ದನ್ನ ನಾನೇ ನೋಡೀನಿ," ಎಂದ ಕೊಟ್ರೇಶ್. "ಡಬ್ಬೀನೂ ಜಗುಲಿ ಮೇಲೇ ಇಟ್ಟ. ಆಮೇಲೆ ನಾವು ಹೊರಗೆ ಬಂದ್ವಿ."

ಸಾಹೇಬರು ಮಣಿಕಟ್ಟು ತಿರುಗಿಸಿ ತೋರಿಸಿದರು. "ಅವನಿಗೆ ಅದನ್ನ ಹಿಡಿಯೋದನ್ನ ಕಲಿಸಿದೋನು ನಾನೇ. ನಳಿಗೆ ಮೋಟು, ಮಣಿಕಟ್ಟು ಚೂರು ತಿರುಗಿದ್ರೂ ಬಾಯಿ ನಿನ್ನ ಕಡೆಗೇ ಬರ್ತೈತೆ, ಕೈಗೆ ಬಂದಾಗಲೆಲ್ಲ ಗುಂಡಿನ ಚಕ್ರ ತೆರೆದು ನೋಡಪ್ಪಾ ಅಂದಿದ್ದೆ. ದೇವರ ಮುಂದಿದ್ದದ್ದು ಅಂತ ಅವತ್ತೊಂದಿನ ನೋಡ್ಲಿಲ್ಲ."

ಅಂದೇ ಠಾಣೆಗೆ ಹೋಗಿ ರಿವಾಲ್ವರನ್ನೂ ಡಬ್ಬಿಯನ್ನೂ ನೋಡಿದರು. ಮರುದಿನ ದೇವರಾಜ ಅರಸು ಬಡಾವಣೆಯ ನಾಗರಾಜಪ್ಪನ ಮನೆಯಲ್ಲಿ ಎಲ್ಲರೂ ಸೇರಿದರು. ಇನ್ಸ್‌ಪೆಕ್ಟರು ನಾಗಭೂಷಣನನ್ನೂ ಕರೆತಂದಿದ್ದರು.

"ಡಬ್ಬಿಯಲ್ಲಿ ನಾಲ್ಕು ಗುಂಡು ಉಳಿದಾವೆ," ಎಂದರು ಸಾಹೇಬರು. "ಹಾರಿದ್ದು ಐದನೇದು. ರಿವಾಲ್ವರಿನಾಗೇ ಉಳಿದ ಅದರ ಹಿತ್ತಾಳೆ ಕೊಳವೆ ಮೇಲೆ ಬೆರಳಿನ ವಿಭೂತಿ ಐತೆ. ಒಣ ವಿಭೂತಿ ಆಗಿದ್ರೆ ಉದುರೋದು. ಇದು ಹಸಿಯಾಗಿ ಮೆತ್ತಿ ಒಣಗಿದ್ದು. ಅಂದ್ರೆ ಪೂಜೆ ಹೊತ್ತಿನಾಗೇ ಗುಂಡು ಒಳಗೆ ಹೋಗೈತೆ. ಆಗ ನಾಗಭೂಷಣ್ ಹರಿಹರದಾಗಿದ್ರು."

"ಹಂಗಾರೆ ಯಾರ್ರೀ?" ಎಂದರು ಇನ್ಸ್‌ಪೆಕ್ಟರು.

"ಕೊಲ್ಲೋರು ಐದೂ ತುಂಬ್ತಿದ್ರು. ಇಟ್ಟೋರು ಒಂದೇ ಇಟ್ಟಾರ..." ಸಾಹೇಬರು ತಲೆ ತಗ್ಗಿಸಿದರು. ಕೊಟ್ರೇಶನಿಗೆ ಸೇರಿನೊಳಗಿನ ಚಿಟಿಕೆ ಅಕ್ಕಿ ನೆನಪಾಯಿತು. ದೇವರೇ, ಈ ಮಾತು ಇಲ್ಲಿಗೇ ನಿಲ್ಲಬಾರದೇ ಎನ್ನಿಸಿತು.

ಮರುಳಸಿದ್ದಮ್ಮನೇ ಬಾಯಿಬಿಟ್ಟರು. "ನಾನೇ ಇಟ್ಟೆ. ದೇವರ ಮುಂದೆ ಬರಿದು ಇಡಬಾರದು ಅಂತ ಒಂದೇ ಒಂದು ಇಟ್ಟೆ. ಅವನು ಚಕ್ರ ತೆರೆಯೋದನ್ನ ಹತ್ತು ವರ್ಷ ನೋಡಿ ಕಲಿತಿದ್ದೆನಲ್ರೀ. ಯಾವಾಗ್ಲೂ ಒಳಗೆ ನೋಡೇ ಮುಟ್ಟೋನು, ನಾನಿಟ್ಟ ಗುಂಡನ್ನ ತೆಗೆದಿಟ್ಟಿರ್ತಾನ, ಆಮೇಲೆ ಯಾರೋ ತುಂಬ್ಯಾರ ಅಂದ್ಕೊಂಡಿದ್ದೆ."

ನಾಗಭೂಷಣ್ ಓಡಿಬಂದು ತಾಯಿಯನ್ನು ಅಪ್ಪಿಕೊಂಡ. ದೂರು ಕೊಟ್ಟಿದ್ದ ಆಶಾರಾಣಿ "ಅತ್ತೀ" ಎಂದು ಅವರ ಕಾಲ ಬಳಿ ಕುಸಿದು ಗೋಳಾಡಿದಳು.

ಮುದುಕಿ ಮಾತ್ರ ಅಳಲಿಲ್ಲ. ಗುಂಡು ಇಟ್ಟ ಬಲಗೈಯನ್ನು ತಿರುವಿ ಮುರುವಿ ನೋಡಿಕೊಂಡು, ಸಾಹೇಬರಿಗೆ ಕೈ ಮುಗಿದರು.

"ಕಿರೇಮಗನ್ನ ಉಳಿಸಿಕೊಡ್ರಿ ಅಂದಿದ್ದೆ. ಉಳಿಸಿಕೊಟ್ರಿ."