ಪಂಪಿಗಿಟ್ಟ ಕುಂಕುಮ

ಮೊಣಕೈವರೆಗೂ ಮೀನಿನ ತೊಟ್ಟಿಗೆ ಇಳಿಬಿಟ್ಟ ಕೈಯನ್ನು ತೆಗೆಯದೆಯೇ ಅವನು ತಿರುಗಿ ನೋಡಿದ. ಮಾನ್ಯಳ ಬೆರಳಿಂದ ಪೆನ್ನು ಜಾರಿತು.

“ಪಂಪು ಗೊರಕೆ ಒಡೀತದೆ ಅಂತ ಫೋನ್ ಮಾಡಿದ್ದು ನೀವೇನಾ?”

ಕೇಳಿದವನು ಆ ಗರಗರ ಸದ್ದನ್ನು ತನ್ನ ಗಂಟಲಲ್ಲೇ ತೆಗೆದು ತೋರಿಸಿದ. ಹಲ್ಲು ಕೀಳಿಸಿಕೊಳ್ಳಲು ಕೂತಿದ್ದ ಅಜ್ಜಿಯೂ ಕೆನ್ನೆ ಹಿಡಿದುಕೊಂಡೇ ಹಲ್ಲು ಬಿಟ್ಟಳು.

ಹೊಳೆನರಸೀಪುರದ ಆ ಹಲ್ಲಿನ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವ ಕೆಲಸ ಮಾನ್ಯಳದು. ಕೀರ್ತಿರಾಜ್ ಹಾಸನದ ಅಕ್ವೇರಿಯಂ ಅಂಗಡಿಯ ಮೆಕ್ಯಾನಿಕ್. ಅಂದಿನಿಂದ ಅವಳ ಹಾರೈಕೆ ಒಂದೇ... ಪಂಪು ಆಗಾಗ ಕೆಡಲಿ.

ಆಯುಧಪೂಜೆಯ ಹಿಂದಿನ ದಿನ ಅವನು ಬಂದು ಪಂಪನ್ನು ಸರಿಮಾಡಿ ಹೋದ. ಮರುದಿನ, ಕುರ್ಚಿ, ಡ್ರಿಲ್ಲಿಗೆಲ್ಲ ಪೂಜೆ ಮಾಡು ಎಂದು ಹೇಳಿ ಡಾಕ್ಟರ್ ಗೌತಮ್ ಊರಿಗೆ ಹೊರಟರು. ಎಲ್ಲಕ್ಕೂ ಕುಂಕುಮ ಇಟ್ಟಾದ ಮೇಲೆ ಅವಳ ಕಣ್ಣು ತೊಟ್ಟಿಯತ್ತ ಹೋಯಿತು.

ಅವನ ಕೈ ಓಡಾಡಿದ ಯಂತ್ರ. ಅದಕ್ಕಿಲ್ಲದ ಪೂಜೆ ಇನ್ಯಾವುದಕ್ಕೆ?

ಪಂಪನ್ನು ಹೊರತೆಗೆದಳು. ಅದರೊಳಗಿನ ನೀರು ಸೋಸುವ ಸ್ಪಂಜನ್ನು ಪಾತ್ರೆ ಸೋಪಿನಲ್ಲಿ ತಿಕ್ಕಿದಳು. ಮೈತುಂಬ ಕುಂಕುಮ ಬಳಿದು, ಊದುಬತ್ತಿ ಬೆಳಗಿ, ಮತ್ತೆ ನೀರಿಗೆ ಇಳಿಸಿದಳು.

ಹಬ್ಬ ಮುಗಿಸಿ ಬಾಗಿಲು ತೆಗೆದಾಗ ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ಫೋನ್ ಹೋದ ಕೂಡಲೇ ಕೀರ್ತಿರಾಜ್ ಓಡಿಬಂದ. ಪಂಪನ್ನು ಬಿಚ್ಚಿದ. ಒಳಗೇನನ್ನೋ ಕಂಡು ಅವನ ಕೈ ನಿಂತಿತು. ಸ್ಪಂಜನ್ನು ಮೂಗಿಗೆ ಹಿಡಿದ. ಆಮೇಲೆ ಪಂಪಿನ ಸಂದಿಯಲ್ಲಿ ಉಳಿದಿದ್ದುದನ್ನು ಹೆಬ್ಬೆರಳಿನಿಂದ ಒರೆಸಿಬಿಟ್ಟ.

“ಮೊನ್ನೆ ತಾನೇ ನೀನು ಮುಟ್ಟಿದ್ದಲ್ವೇನೋ?” ಊರಿಂದ ಮರಳಿದ್ದ ಡಾಕ್ಟರ್ ಗದರಿದರು.

ಅವನು ಮಾನ್ಯಳತ್ತ ಒಮ್ಮೆ ನೋಡಿದ. “ಊಂ ಸಾ. ನಂದೇ ತಪ್ಪು.”

ಅಯ್ಯೋ... ಇವನಾ?

“ಅಣಕಿಸೋದ್ರಲ್ಲಿರೋ ಶ್ರದ್ಧೆ ಕೆಲಸದಲ್ಲೂ ಇರಬೇಕಿತ್ತು,” ಎಂದಳು ಮಾನ್ಯ. “ಇನ್ನು ನಿಮ್ಮ ಮುಖ ತೋರಿಸಬೇಡಿ.”

ಸತ್ತ ಮೀನುಗಳನ್ನು ಬಕೆಟ್ಟಿಗೆ ತುಂಬಿಕೊಂಡು ಅವನು ಹೊರಟುಹೋದ.

ಮುಂದಿನ ತಿಂಗಳು ಬಂದವನು ಸಿದ್ದರಾಜು, ಅದೇ ಅಂಗಡಿಯ ಇನ್ನೊಬ್ಬ ಮೆಕ್ಯಾನಿಕ್.

“ಕೀರ್ತಿನ ಓನರ್ರು ಕೆಲ್ಸದಿಂದ ತಗುದ್ಬುಟ್ರು ಕಣಕ್ಕ. ಅರಕಲಗೂಡಲ್ಲಿ ಬೋರ್ ಮೋಟ್ರು ರಿಪೇರಿ ಮಾಡ್ಕಂಡವ್ನೆ. ಓಗೋವಾಗ ಒಂದ್ ಮಾತು ಏಳ್ದ. ಆ ಕ್ಲಿನಿಕ್ಕಲ್ಲಿ ಸ್ಪಂಜಿಗೆ ಸೋಪು, ಪಂಪಿಗೆ ಕುಂಕುಮ ಮುಟ್ಟುಸ್ಬ್ಯಾಡಿ ಅನ್ನು, ಮೀನ್ಗೆ ಅದು ಇಸ... ಆದ್ರೆ ಬೈಬ್ಯಾಡ ಕಣ್ಲಾ, ಮೆತ್ಗೆ ಏಳು ಅಂತ.”

ಮಾನ್ಯ ಕೂತಲ್ಲೇ ತಣ್ಣಗಾದಳು. ಅವನು ಒರೆಸಿದ್ದು ನನ್ನ ಕುಂಕುಮ... ಕೊಂದವಳು ನಾನು. ಉಗಿದವಳೂ ನಾನೇ.

ಒಳಗೆ ಹೋಗಿ ಡಾಕ್ಟರಿಗೆ ಎಲ್ಲವನ್ನೂ ಹೇಳಿದಳು. ಅವರು ಬೈಯಲಿಲ್ಲ. ನಾಳೆಯಿಂದ ಬರುವುದು ಬೇಡ ಎಂದರು, ಅಷ್ಟೇ.

ಅರಕಲಗೂಡಿನಲ್ಲಿ ಬಸ್ಸಿಳಿದು, ಕೇಳಿಕೊಂಡು ಕೇಳಿಕೊಂಡು ಅಂಗಡಿ ಹುಡುಕಿದಾಗ ಅವನು ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಿದ್ದ. ಮುಖ ಇಳಿದಿತ್ತು. ಅವಳನ್ನು ಕಂಡೂ ನಗಲಿಲ್ಲ.

“ಡಾಕ್ಟರಿಗೆ ಹೇಳಿದೆ. ನಾನೇ ಮಾಡಿದ್ದು ಅಂತ,” ಎಂದಳು.

“ಯಾಕೆ ಏಳುದ್ರಿ? ನಿಮ್ಮ ಕೆಲ್ಸ ಓಗ್ತದೆ ಅಂತ್ಲೇ ನಾನು ಸುಮ್ಗಿದ್ದಿದ್ದು.”

“ಹೋಯ್ತು.”

ಅವನು ತಂತಿ ಕೆಳಗಿಟ್ಟ.

“ಮೀನು ನಾನು ಕೊಂದಿಲ್ಲ ಅಂತ ನಂಗೆ ಗೊತ್ತಿತ್ತು ಬುಡಿ,” ಎಂದ. “ಆದ್ರೆ ನೀವು ನಂಬುಬುಟ್ರಲ್ಲ... ಅದ್ಕೇ ರಾತ್ರಿಯೆಲ್ಲ ನಿದ್ದೆ ಬತ್ತಿರ್ಲಿಲ್ಲ.”

ಅವಳ ಕಣ್ಣು ತುಂಬಿತು. ಕ್ಷಮೆ ಕೇಳಲು ಬಂದವಳಿಗೆ ಆ ಪದವೇ ಸಿಗಲಿಲ್ಲ. “ಪಂಪಿಗೆ ಪೂಜೆ ಮಾಡು ಅಂತ ಡಾಕ್ಟರ್ ಹೇಳಿರಲಿಲ್ಲ,” ಎಂದಳು.

“ಮತ್ತೆ?”

“ನಿಮ್ಮ ಕೈ ಮುಟ್ಟಿತ್ತಲ್ಲ... ಅದಕ್ಕೆ.”

ಅವನು ಎದ್ದು ಬಂದ. ಅವಳ ಕೆನ್ನೆಯತ್ತ ಚಾಚಿದ ಕೈ ಅರ್ಧದಲ್ಲೇ ನಿಂತಿತು. ಅವಳೇ ಅದನ್ನು ಎರಡೂ ಕೈಗಳಲ್ಲಿ ಹಿಡಿದು ಎದೆಗೊತ್ತಿಕೊಂಡಳು.

“ಗ್ರೀಸು ಕಣೆ... ಚೂಡಿದಾರಕ್ಕೆಲ್ಲ ಆಗ್ತದೆ.”

“ಆಗಲಿ.”