ಸ್ಕಾರ್ವೇ ಗೋಡೆಗಳ ಉತ್ತರ

ಶನಿವಾರ ಬೆಳಿಗ್ಗೆ ಆರು ಗಂಟೆಗೆ ಏಲಿಗ್‌ನ ದೋಣಿ ಸ್ಕಾರ್ವೇ ದ್ವೀಪಕ್ಕೆ ಹೊರಟಿತು. ಅದರಲ್ಲಿ ಮೂರು ಜನರಿದ್ದರು, ಒಂದು ಕ್ಯಾಸೆಟ್ ರೆಕಾರ್ಡರ್ ಇತ್ತು. ಸಂಜೆಗೆ ಪಶ್ಚಿಮದ ಗಾಳಿ ಏಳುತ್ತದೆಂದು ರೇಡಿಯೊ ಹೇಳಿತ್ತು. ಬೇರೆ ದಿನ ಇರಲಿಲ್ಲ. ವಿಚಾರಣೆ ಸೋಮವಾರ, ಭಾನುವಾರ ದೇವರ ದಿನವೆಂದು ಆ ಊರಿನಲ್ಲಿ ಯಾರೂ ದೋಣಿ ಬಿಡುವುದಿಲ್ಲ, ಒಗೆದ ಬಟ್ಟೆಯನ್ನು ಹೊರಗೆ ಒಣಹಾಕುವುದೂ ಇಲ್ಲ.

ಸ್ಕಾರ್ವೇ ಪಕ್ಕದ ಕಡಲ ಕಾಲುವೆಯಲ್ಲಿ ಸಾಲ್ಮನ್ ಮೀನು ಸಾಕುವ ಪಂಜರಗಳನ್ನು ಇಳಿಸಲು ಒಂದು ಕಂಪನಿ ಅನುಮತಿ ಕೇಳಿತ್ತು. ದ್ವೀಪದಲ್ಲಿ ಬಿರುಗಾಳಿ ಪೆಟ್ರೆಲ್ ಹಕ್ಕಿ ಗೂಡು ಮಾಡುತ್ತದೆಂದು ಸಾಬೀತಾದರೆ ಅನುಮತಿ ಸಿಗುವುದಿಲ್ಲ. ಹಿಂದಿನ ಬೇಸಿಗೆಯಲ್ಲಿ ಹಕ್ಕಿ ಎಣಿಕೆಗೆ ಬಂದ ಸರ್ಕಾರಿ ಇಲಾಖೆಯವನು ಅಲೆಗಳಿಗೆ ಹೆದರಿ ದ್ವೀಪಕ್ಕೆ ಇಳಿಯಲಿಲ್ಲ. ದೋಣಿಯಲ್ಲೇ ಒಂದು ಸುತ್ತು ಹಾಕಿ, ಹಕ್ಕಿ ಇಲ್ಲ ಎಂದು ವರದಿ ಕೊಟ್ಟ. ಗುಬ್ಬಿಗಿಂತ ತುಸು ದೊಡ್ಡದಾದ ಆ ಕಪ್ಪು ಹಕ್ಕಿ ಹಗಲೆಲ್ಲ ಕಲ್ಲುಗೋಡೆಯ ಸಂದಿಯಲ್ಲಿ ಕೂತಿರುತ್ತದೆ. ದೋಣಿಯಿಂದ ಕಾಣುವುದು ಸಾಧ್ಯವೇ ಇಲ್ಲ.

ಇದನ್ನು ಮರ್ಡೀನಾ ಮೊದಲ ಸಭೆಯಲ್ಲೇ ಹೇಳಿದ್ದಳು. ಅವಳು ಊರಿನ ಅಂಚೆಯವಳು. ವಾರವೆಲ್ಲ ಕಾಗದ ಹಂಚುವುದು, ರಜೆಯಲ್ಲಿ ಹಕ್ಕಿ ಎಣಿಸುವುದು ಅವಳ ಬದುಕು. ಸಾಕ್ಷಿ ಎಲ್ಲಿ ಎಂದು ಕಂಪನಿಯ ವಕೀಲ ನಕ್ಕಿದ್ದ. ತರುತ್ತೇನೆ ಎಂದು ಅವಳು ಎದ್ದು ಬಂದಿದ್ದಳು.

ಅವಳ ಜೊತೆ ಬಂದವನು ಮೈದುನ ತೋರ್ಮೊಡ್. ಸಿಗಡಿ ಬೋನು ಹಾಕುವವನು, ಚರ್ಚಿನಲ್ಲಿ ಕೀರ್ತನೆಗೆ ಸಾಲು ಎತ್ತಿಕೊಡುವವನು. ಅವನು ಒಂಟಿಯಾಗಿ ಒಂದು ಸಾಲು ಹಾಡುತ್ತಾನೆ, ಇಡೀ ಸಭೆ ಅದನ್ನು ಹಿಡಿದು ಎಳೆಯುತ್ತದೆ. ರೆಕಾರ್ಡರ್ ಕೂಡ ಚರ್ಚಿನದೇ. ಭಾನುವಾರದ ಕೀರ್ತನೆ, ಉಪದೇಶ ಎರಡನ್ನೂ ಅದರಲ್ಲಿ ಹಿಡಿದು, ಹಾಸಿಗೆ ಹಿಡಿದಿರುವ ಪೇಗಿ ಅಜ್ಜಿಗೆ ಕಳಿಸುತ್ತಿದ್ದರು. ಮರ್ಡೀನಾಳ ಉಪಾಯ ಸರಳವಾಗಿತ್ತು. ಗಂಡು ಪೆಟ್ರೆಲ್‌ನ ಕೂಗನ್ನು ಸಂದಿಯ ಮುಂದೆ ನುಡಿಸಬೇಕು. ಒಳಗಿರುವ ಗಂಡು, ಯಾರೋ ತನ್ನ ಮನೆಗೆ ಬಂದನೆಂದು ಗುರುಗುಟ್ಟುತ್ತದೆ. ಅದನ್ನು ಖಾಲಿ ಕ್ಯಾಸೆಟ್‌ನಲ್ಲಿ ಹಿಡಿದುಕೊಳ್ಳಬೇಕು.

ದ್ವೀಪ ಮುಟ್ಟಿದಾಗ ಇಳಿಯುವ ಬಂಡೆ ಒಮ್ಮೆ ಮುಳುಗುತ್ತಿತ್ತು, ಒಮ್ಮೆ ಏಳುತ್ತಿತ್ತು.

"ದೋಣಿ ಮೇಲೆ ಬಂದಾಗ ಹಾರಿ, ಅಕ್ಕ," ಎಂದ ಏಲಿಗ್. "ಇಳಿಯೋವಾಗ ಹಾರಿದ್ರೆ ನಿಮ್ಮ ಕಾಗದ ಹಂಚೋಕೆ ಬೇರೆಯವರನ್ನ ಹುಡುಕಬೇಕಾಗುತ್ತೆ."

ದೋಣಿ ಎದ್ದಿತು. ಮರ್ಡೀನಾ ಹಾರಿದಳು.

ತೋರ್ಮೊಡ್ ರೆಕಾರ್ಡರ್ ಇಟ್ಟಿದ್ದ ಮುಚ್ಚಳದ ಬಕೆಟ್ಟನ್ನು ಅವಳತ್ತ ಎಸೆದ, ಹಿಂದೆಯೇ ಹಾರಿದ. ಕಾಲು ಜಾರಿ ಮೊಣಕಾಲು ಬಂಡೆಗೆ ಬಡಿಯಿತು. ಅಷ್ಟರಲ್ಲಿ ಮುಂದಿನ ಅಲೆ ಸೊಂಟದವರೆಗೆ ಬಂತು. ಅವನು ಪಾಚಿಯನ್ನು ಉಗುರಿನಿಂದ ಹಿಡಿದುಕೊಂಡ. ನೀರು ಹಿಂದೆ ಸರಿದಾಗ ಇಬ್ಬರೂ ಮೇಲಿದ್ದರು.

ಬಂಡೆ ದಾಟಿದರೆ ಮೇಲೆ ಹುಲ್ಲಿನ ಇಳಿಜಾರು. ಗುಲಾಬಿ ಬಣ್ಣದ ಕಡಲ ಹೂಗಳ ನಡುವೆ ಪಫಿನ್ ಹಕ್ಕಿಗಳು ಬಾಯ್ತುಂಬ ಮೀನು ಕಚ್ಚಿಕೊಂಡು ನಿಂತು ಇವರನ್ನು ನೋಡಿದವು. ಕಂದು ಸ್ಕುವಾ ಹಕ್ಕಿಯೊಂದು ನೇರ ತಲೆಯ ಮೇಲೆ ಎರಗಿತು. ತೋರ್ಮೊಡ್ ಕೋಲನ್ನು ತಲೆಗಿಂತ ಎತ್ತರಕ್ಕೆ ಹಿಡಿದು ನಡೆದ, ಅದು ಕೋಲಿಗೆ ಬಡಿದು ಹೋಯಿತು. ಇಳಿಜಾರಿನ ತುದಿಯಲ್ಲಿ ಹಿಂದೆ ಕುರಿಗಾಹಿಗಳು ಇರುತ್ತಿದ್ದ ಮನೆಗಳು, ಸೂರಿಲ್ಲದೆ, ಅರ್ಧ ಕುಸಿದ ಗೋಡೆಗಳಷ್ಟೇ ಉಳಿದಿದ್ದವು. ಹತ್ತಿರ ಹೋದರೆ ಹಳೆಯ ಎಣ್ಣೆಯಂಥ ವಾಸನೆ. ಮರ್ಡೀನಾ ಮೂಗರಳಿಸಿ ನಕ್ಕಳು. ಅದು ಪೆಟ್ರೆಲ್‌ನ ವಾಸನೆ. ಆದರೆ ವಾಸನೆಯನ್ನು ವಿಚಾರಣೆಗೆ ಒಯ್ಯಲಾಗದು.

ಅವಳು ಮಂಡಿಯೂರಿ ರೆಕಾರ್ಡರನ್ನು ಸಂದಿಯ ಮುಂದಿಟ್ಟು ಗುಂಡಿ ಒತ್ತಿದಳು.

ತೋರ್ಮೊಡ್‌ನ ದನಿ ಹೊರಬಂತು. ಹಿಂದೆಯೇ ಇಡೀ ಸಭೆಯ ಕೀರ್ತನೆ.

"ಅತ್ತಿಗೆ, ಇದು ನಾನು."

"ಗೊತ್ತಾಯ್ತು ಕಣಪ್ಪ."

"ಹಕ್ಕಿ ಟೇಪು?"

ಶುಕ್ರವಾರ ಅಂಚೆ ಹಂಚುವಾಗ ಪೇಗಿ ಅಜ್ಜಿಯ ಕೈಗೆ ತಾನೇ ಕೊಟ್ಟ ಕ್ಯಾಸೆಟ್ ಅವಳಿಗೆ ನೆನಪಾಯಿತು. ಅವಳು ಬಕೆಟ್ಟನ್ನು ತಡಕಿದಳು. ಅವಸರದಲ್ಲಿ ಖಾಲಿ ಕ್ಯಾಸೆಟ್ ಕೂಡ ಮನೆಯಲ್ಲೇ ಉಳಿದಿತ್ತು.

"ಅಜ್ಜಿ ಹತ್ರ ಇದೆ," ಎಂದಳು.

ತೋರ್ಮೊಡ್ ಕಲ್ಲಿನ ಮೇಲೆ ಕೂತುಬಿಟ್ಟ. ಹಿಂದೆ ಹೋಗಿ ತರುವಷ್ಟು ಹೊತ್ತಿರಲಿಲ್ಲ. ಮರ್ಡೀನಾ ಗೋಡೆಯನ್ನೂ ಅವನನ್ನೂ ನೋಡಿದಳು. ಆ ಕೂಗನ್ನು ಅವಳ ಅಡುಗೆಮನೆಯಲ್ಲಿ ಅವನು ಎಷ್ಟೋ ಸಲ ಕೇಳಿದ್ದ, ಗೇಲಿ ಮಾಡಲು ಅನುಕರಿಸಿಯೂ ಇದ್ದ. ಅದನ್ನೀಗ ನೆನಪಿಸಿದಳು.

"ನಾನು ದೇವರ ಹಾಡು ಹೇಳೋನು ಅತ್ತಿಗೆ. ಹಕ್ಕಿ ಜೊತೆ ಜಗಳ ಆಡೋನಲ್ಲ."

"ಪ್ರತಿ ಭಾನುವಾರ ಊರಿಗೆಲ್ಲ ಸಾಲು ಎತ್ತಿಕೊಡ್ತೀಯ. ಇವತ್ತು ಈ ಗೋಡೆಗೆ ಕೊಡು."

ಪಾದ್ರಿ ಎಲ್ಲಾದರೂ ನಿಂತಿದ್ದಾರೇನೋ ಎಂಬಂತೆ ಅವನು ಸುತ್ತ ನೋಡಿದ. ಆಮೇಲೆ ಹೊಟ್ಟೆಯ ಮೇಲೆ ಮಲಗಿ ಸಂದಿಗೆ ಬಾಯಿಟ್ಟ. ಗಂಟಲಾಳದಿಂದ ಉದ್ದನೆಯ ಗುರುಗುರು, ಕೊನೆಗೊಂದು ಬಿಕ್ಕಳಿಕೆ. ಏನೂ ಆಗಲಿಲ್ಲ. ಮತ್ತೊಮ್ಮೆ. ಪಫಿನ್ ಒಂದು ತಲೆ ಓರೆ ಮಾಡಿ ನೋಡಿತು. ಮೂರನೆಯ ಸಲ ದನಿಯನ್ನು ಇನ್ನೂ ಕೆಳಗಿಳಿಸಿದ.

ಕಲ್ಲಿನೊಳಗಿಂದ ಗುರುಗುರು ಬಂತು. ಕೊನೆಗೆ ಬಿಕ್ಕಳಿಕೆ.

ತೋರ್ಮೊಡ್‌ನ ಕಣ್ಣುಗಳು ಅಗಲವಾದವು. ಇನ್ನು ಅದನ್ನು ಹಿಡಿಯಬೇಕಿತ್ತು, ಮತ್ತು ಇದ್ದದ್ದು ಒಂದೇ ಕ್ಯಾಸೆಟ್, ಅದರಲ್ಲಿ ಪಾದ್ರಿಯ ಉಪದೇಶ, ಹಕ್ಕಿಯನ್ನು ಹಿಡಿದರೆ ಅದು ಅಳಿಯುತ್ತದೆ. ಮರ್ಡೀನಾ ರೆಕಾರ್ಡರನ್ನು ಅವನ ಮುಂದಿಟ್ಟಳು. ರೆಕಾರ್ಡ್ ಮಾಡುವ ಕೆಂಪು ಗುಂಡಿಯನ್ನು ಅವನು ತಾನೇ ಒತ್ತಿದ.

ಮುಂದೆ ಅವರು ಗೋಡೆಯಿಂದ ಗೋಡೆಗೆ ತೆವಳಿದರು. ಅವನು ಕರೆದ, ಗೋಡೆ ಉತ್ತರಿಸಿತು, ಅದು ಯಾವ ಗೋಡೆ, ಯಾವ ಸಂದಿ ಎಂದು ಅವಳು ಟೇಪಿಗೆ ಹೇಳಿದಳು. ಕ್ಯಾಸೆಟ್‌ನ ಎರಡೂ ಬದಿ ತುಂಬುವ ಹೊತ್ತಿಗೆ ಕೆಳಗಿನಿಂದ ದೋಣಿಯ ಹಾರನ್ ಬಿಡದೆ ಕೂಗತೊಡಗಿತ್ತು.

ಗಾಳಿ ಬಂದಿತ್ತು. ಇಳಿದ ಬಂಡೆ ಕಾಣುತ್ತಲೇ ಇರಲಿಲ್ಲ, ಬರೀ ಬಿಳಿ ನೊರೆ. ಏಲಿಗ್ ದೋಣಿಯನ್ನು ಗಾಳಿಮರೆಗೆ, ಪೂರ್ವದ ಬಂಡೆಸೀಳಿಗೆ ತಂದಿದ್ದ. ಅಲ್ಲಿಯೂ ಹತ್ತಿರ ಬರಲಾಗದೆ ಹಗ್ಗ ಎಸೆದ.

"ನೀವು ಮೊದಲು ಬನ್ನಿ, ಅಕ್ಕ!"

"ಮೊದಲು ಟೇಪು."

ಬಕೆಟ್ ಹಗ್ಗದಲ್ಲಿ ಹೋಯಿತು. ಹಗ್ಗ ಮರಳಿ ಬಂತು. ಮರ್ಡೀನಾ ಅದನ್ನು ಕಂಕುಳಡಿ ಬಿಗಿದು ನೀರಿಗಿಳಿದಳು. ಚಳಿಗೆ ಉಸಿರು ನಿಂತಿತು. ಏಲಿಗ್ ಎಳೆದು ಹಾಕಿದ.

ಮತ್ತೆ ಎಸೆದ ಹಗ್ಗವನ್ನು ಕಟ್ಟಿಕೊಳ್ಳಲು ತೋರ್ಮೊಡ್‌ಗೆ ಸಮಯ ಸಿಗಲಿಲ್ಲ. ಸೀಳಿನೊಳಗೆ ನುಗ್ಗಿದ ಅಲೆ ಅವನನ್ನು ಕಿತ್ತುಕೊಂಡಿತು. ತಲೆ ಮುಳುಗಿತು. ಕೈ ಮಾತ್ರ ಮೇಲಿತ್ತು, ಅದರಲ್ಲಿ ಹಗ್ಗವಿತ್ತು.

ಇಬ್ಬರೂ ಸೇರಿ ಎಳೆದರು. ದೋಣಿಯೊಳಗೆ ಬಿದ್ದವನು ಉಪ್ಪುನೀರು ಕಾರಿ, ಏನೋ ಹೇಳಲು ಬಾಯಿ ತೆರೆದ. ದನಿ ಹೊರಡಲಿಲ್ಲ. ಅವನ ಬದಲು ಮರ್ಡೀನಾ ನಡೆದದ್ದನ್ನು ಹೇಳಿದಳು.

"ಉಪದೇಶ ಅಳಿಸಿದ್ಯಂತೆ," ಎಂದ ಚರ್ಚಿನ ಕಡೆ ತಲೆ ಹಾಕದ ಏಲಿಗ್, ಚುಕ್ಕಾಣಿ ತಿರುಗಿಸುತ್ತ. "ದೇವರು ಬೇಗ ಲೆಕ್ಕ ಚುಕ್ತಾ ಮಾಡ್ದ ನೋಡು."

ಭಾನುವಾರ ಹುಟ್ಟುವ ಮೊದಲೇ, ಬೆಳಕಿರುವಾಗಲೇ ದಡ ಮುಟ್ಟಿದರು.

ಮರುದಿನ ಚರ್ಚಿನಲ್ಲಿ ಬೇರೆಯವನು ಸಾಲು ಎತ್ತಿದ. ಮರ್ಡೀನಾ ಪೇಗಿ ಅಜ್ಜಿಯನ್ನು ನೋಡಲು ಹೋದಳು. ಈ ವಾರದ ಉಪದೇಶ ಒಂದು ಮಾತೂ ತಿಳಿಯಲಿಲ್ಲವೆಂದೂ, ಆದರೆ ಬೈಗುಳ ಕಡಿಮೆ ಇತ್ತೆಂದೂ ಅಜ್ಜಿ ಹೇಳಿದಳು.

ಸೋಮವಾರ ವಿಚಾರಣೆಯಲ್ಲಿ ಕ್ಯಾಸೆಟ್ ಹಾಕಿದರು. ಗುರುಗುಟ್ಟುತ್ತಿರುವುದು ಯಾರು ಎಂದು ಕಂಪನಿಯ ವಕೀಲ ಕೇಳಿದ.

"ಮೊದಲು ಕೂಗೋನು ನನ್ನ ಮೈದುನ," ಎಂದಳು ಮರ್ಡೀನಾ. "ಉತ್ತರ ಕೊಡೋರು ಆ ದ್ವೀಪದ ನಿವಾಸಿಗಳು. ಅವರ ಆಕ್ಷೇಪಣೆ ಇದು. ಬರೆದುಕೊಳ್ಳಿ."

ದ್ವೀಪಕ್ಕೆ ಇಳಿದು ಎಣಿಸುವವರೆಗೆ ಅರ್ಜಿಯನ್ನು ತಡೆಹಿಡಿಯಲಾಯಿತು. ಆಗಸ್ಟ್ ಮೊದಲ ವಾರ ಇಲಾಖೆಯವರು ತಮ್ಮದೇ ರೆಕಾರ್ಡರ್ ಹಿಡಿದು ಸ್ಕಾರ್ವೇಗೆ ಇಳಿದರು. ಗೋಡೆಗಳು ಅವರಿಗೂ ಉತ್ತರ ಕೊಟ್ಟವು. ಪಂಜರಗಳು ಬರಲಿಲ್ಲ.