ಬರೀ ಗೋಡೆಗೆ ಒಂದು ಕಾಯಿ

“ಜೋರಾಗಿ ಹೇಳು!” ಎಂದ ಅಜ್ಜ.

“ದೇವರಿಲ್ಲ, ದೇವರಿಲ್ಲ, ದೇವರಿಲ್ಲ!” ಎಂದಳು ಸಪ್ನಾ, ಖಾಲಿ ಗೋಡೆಗೆ ಮುಖ ಮಾಡಿ.

ಅವಳ ಹೊಟ್ಟೆ ಚುರುಗುಟ್ಟುತ್ತಿತ್ತು. ಜಳಕ ಮಾಡಿ ಇಷ್ಟು ಹೇಳುವವರೆಗೆ ಅಜ್ಜ ಅಂಬ್ರಪ್ಪ ರೊಟ್ಟಿ ಮುಟ್ಟಗೊಡುತ್ತಿರಲಿಲ್ಲ. ತಾನೂ ತಿನ್ನುತ್ತಿರಲಿಲ್ಲ. ಇನ್ನು ಪ್ರಸಾದವಂತೂ ಯಾರ ಮನೆಯದೂ ಕೂಡದು.

ನಿನ್ನೆ ಪಕ್ಕದ ಮನೆಯ ಗೆಳತಿ ಸವಿತಾ ಪ್ರಸಾದದ ಹೋಳಿಗೆ ತಂದಿದ್ದಳು. ಬಾಯಲ್ಲಿ ನೀರೂರಿದರೂ ಸಪ್ನಾ ಒಲ್ಲೆ ಅಂದಳು.

“ನಿಮ್ದು ಯಾವ ಧರ್ಮ?”

“ನಮಗ ಧರ್ಮಾನೇ ಇಲ್ಲ.”

“ಧರ್ಮ ಇಲ್ದೋರಿಗೆ ಇಷ್ಟು ರೂಲ್ಸಾ? ನಮ್ಮ ದೇವ್ರೇ ಛಲೋ, ಹೋಳಿಗಿ ತಿನ್ನಾಕ ಬಿಡ್ತಾನ!” ಎಂದು ಸವಿತಾ ಠೂ ಬಿಟ್ಟು ಹೋದಳು. ಆಮೇಲೆ ಸಪ್ನಾಗೆ ಯಾವುದೂ ರುಚಿಸಲಿಲ್ಲ.

ಇವತ್ತು ಸಪ್ನಾ ಇನ್ನೂ ಗೋಡೆಯ ಮುಂದೆ ನಿಂತಿರುವಾಗಲೇ ಸವಿತಾಳ ಅಜ್ಜಿ ಮರಿಲಿಂಗಮ್ಮ ಕಾಯಿ, ಕುಂಕುಮ ಹಿಡಿದು ಒಳಗೆ ಬಂದಳು. ಹಿಂದೆ ಮುಖ ಊದಿಸಿಕೊಂಡ ಸವಿತಾ.

“ಯಣ್ಣಾ, ಕಳದಿದ್ದ ಎಮ್ಮಿ ಸಿಕ್ತು! ಎಲ್ಲಾ ದೇವ್ರಿಗೂ ಹರಕಿ ಹೊತ್ತೆ, ಸಿಗಲಿಲ್ಲ. ಕಡೀಕ ನಿಮ್ಮ ಇಲ್ಲದ ದೇವ್ರಿಗೆ ಹೊತ್ತೆ. ತಾನೇ ಮನಿಗೆ ಬಂತು!”

“ಏ ಹುಚ್ಚಿ, ಅದು ಬರೀ ಗ್ವಾಡಿ!”

“ಬರೀ ಗ್ವಾಡಿ ಮುಂದ ದಿನಾ ಉಪಾಸ ಯಾಕ ನಿಂದರ್ತೀರಿ?”

ಮರಿಲಿಂಗಮ್ಮ ಬೆರಳಿಗೆ ಕುಂಕುಮ ಹಚ್ಚಿಕೊಂಡು ಸೀದಾ ಗೋಡೆಯತ್ತ ನಡೆದಳು. ಕೈಗೆ ಇನ್ನೂ ಸಗಣಿ ಮೆತ್ತಿತ್ತು.

“ತಡಿ! ಜಳಕ ಮಾಡಲಾರ್ದ ಆ ಗ್ವಾಡಿ ಮುಟ್ಟಬ್ಯಾಡ!” ಎಂದು ಅಜ್ಜ ಚೀರಿದ.

ಎಂಥ ಮಾತು ಬಾಯಿಂದ ಬಿತ್ತೆಂದು ಅಜ್ಜನಿಗೇ ಗೊತ್ತಾಯಿತು. ಪಾಪ, ಅವನ ಕಿವಿ ಕೆಂಪಾದವು.

“ತಪ್ಪಾಯ್ತಪಾ,” ಎಂದು ಮರಿಲಿಂಗಮ್ಮ ಗೋಡೆಯ ಕಡೆಗೇ ತಿರುಗಿ ಗಲ್ಲ ಬಡಿದುಕೊಂಡು, ಕಾಯಿಯನ್ನು ಕೆಳಗಿಟ್ಟು ಹೋದಳು. ಸವಿತಾ ಮಾತ್ರ ಅಲ್ಲೇ ಉಳಿದಳು.

ಅಜ್ಜ ಬಹಳ ಹೊತ್ತು ಕಾಯಿಯನ್ನೇ ನೋಡಿದ. ಕೊನೆಗೆ ಅದನ್ನೆತ್ತಿ ಅಂಗಳದ ಕಲ್ಲಿಗೆ ಠಪ್ಪಂತ ಒಡೆದ. “ತಿನ್ರಿ. ಇದು ಬರೀ ಕಾಯಿ.”

“ಹೂಂ ಅಜ್ಜಾ, ಬರೀ ಕಾಯಿ,” ಎಂದಳು ಸಪ್ನಾ, ನಗು ನುಂಗಿಕೊಂಡು.

“ಬೆಲ್ಲ ಅದೇನ?” ಎಂದಳು ಸವಿತಾ. ಸಪ್ನಾ ಬೆಲ್ಲ ತರಲು ಓಡಿದಳು. ಠೂ ಎಲ್ಲಿಗೆ ಹೋಯಿತೋ!

ಮರುದಿನ ಅಜ್ಜ, “ನೀ ಮೊದಲ ರೊಟ್ಟಿ ತಿನ್ನು ಯವ್ವಾ,” ಎಂದ. ಸಪ್ನಾ ತುತ್ತು ಮುರಿದು ತಲೆ ಎತ್ತಿದಳು. ಜಳಕ ಮಾಡಿದ ಅಜ್ಜ ಒಬ್ಬನೇ ಗೋಡೆಯ ಮುಂದೆ ನಿಂತಿದ್ದ. ಇನ್ನೂ ಏನೂ ತಿಂದಿರಲಿಲ್ಲ.

ಸಪ್ನಾ ರೊಟ್ಟಿ ಕೆಳಗಿಟ್ಟು ಹೋಗಿ ಅವನ ಪಕ್ಕ ನಿಂತಳು. ಇವತ್ತು ಅಜ್ಜ ಜೋರಾಗಿ ಹೇಳು ಎನ್ನಲಿಲ್ಲ.